ಪ್ರತಿಕ್ರಿಯೆ: ವೆರ್ನರ್ ಮತ್ತು ಆ ಒಂದು ಲೇಖನ

‘ಕಾರ್ಲ್ ವೆರ್ನರ್‌ಗೆ ಒಂದೇ ಲೇಖನದಿಂದ ಅಷ್ಟು ಹೆಸರು ಹೇಗೆ ಬಂತು, ಆಮೇಲೆ ಏನು ಮಾಡಿದರು’ ಎಂದು ಕೇಳಿದ್ದೀರಿ. ಆರ್ಹುಸ್‌ನಲ್ಲಿ 1846ರಲ್ಲಿ ಹುಟ್ಟಿದ ಈ ಡೇನಿಶ್ ಭಾಷಾವಿಜ್ಞಾನಿ ಬರೆದದ್ದೇ ಕಡಿಮೆ. ಆದರೆ 1875ರಲ್ಲಿ ಬರೆದ ಆ ಲೇಖನ ಬಿಡಿಸಿದ ಗಂಟು ಸಣ್ಣದಲ್ಲ.

ಸಂಸ್ಕೃತದಂಥ ಭಾಷೆಗಳ ವ್ಯಂಜನಗಳಿಗೆ ಜರ್ಮ್ಯಾನಿಕ್ ಭಾಷೆಗಳಲ್ಲಿ (ಇಂಗ್ಲಿಷ್, ಜರ್ಮನ್ ಸೇರಿದ ಗುಂಪು) ಯಾವ ವ್ಯಂಜನ ಬರುತ್ತದೆ ಎಂದು ಹೇಳುವ ಗ್ರಿಮ್ ನಿಯಮದಂತೆ, ಸಂಸ್ಕೃತದಲ್ಲಿ ‘ತ’ ಇರುವ ಕಡೆ ಆ ಗುಂಪಿನ ಹಳೆಯ ಭಾಷೆಯಾದ ಗಾಥಿಕ್‌ನಲ್ಲಿ ‘ಥ’ ಬರಬೇಕು. ಭ್ರಾತರ್‌ಗೆ ‘ಬ್ರೋಥರ್’, ಸರಿಯಾಯಿತು. ಪಿತರ್‌ಗೆ ಮಾತ್ರ ‘ಫದರ್’! ಇಂಥವನ್ನೆಲ್ಲ ಅಪವಾದ ಎಂದು ಪಕ್ಕಕ್ಕಿಟ್ಟಿದ್ದರು. ವೆರ್ನರ್ ವೇದದ ಸ್ವರ, ಅಂದರೆ ಉಚ್ಚಾರದ ಏರಿಳಿತ, ನೋಡಿದರು. ಭ್ರಾತರ್‌ನಲ್ಲಿ ಉದಾತ್ತ (ಏರುಸ್ವರ) ಮೊದಲ ಅಕ್ಷರಕ್ಕೆ, ಪಿತರ್‌ನಲ್ಲಿ ಕೊನೆಯದಕ್ಕೆ. ಉದಾತ್ತ ‘ತ’ಕಾರಕ್ಕಿಂತ ಸ್ವಲ್ಪ ಮೊದಲಿನ ಅಕ್ಷರದಲ್ಲೇ ಇದ್ದರೆ ‘ಥ’ ಉಳಿಯುತ್ತದೆ, ಇಲ್ಲದಿದ್ದರೆ ‘ದ’ ಆಗುತ್ತದೆ. ಜರ್ಮ್ಯಾನಿಕ್ ಭಾಷೆಗಳಲ್ಲಿ ಆ ಸ್ವರ ಅಳಿದುಹೋಗಿದ್ದರೂ ಅದರ ಗುರುತು ವ್ಯಂಜನದಲ್ಲಿ ಉಳಿದಿತ್ತು. ವೇದಪಾಠ ಕೇಳಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ ಅನ್ನಿಸುತ್ತದೆ. ಧ್ವನಿ ನಿಯಮಗಳಿಗೆ ಅಪವಾದವೇ ಇಲ್ಲ ಎಂದ ಲೈಪ್‌ಜಿಗ್‌ನ ಯುವ ವಿದ್ವಾಂಸರಿಗೆ ಇದರಿಂದ ದೊಡ್ಡ ಬಲ ಸಿಕ್ಕಿತು.

ಆಮೇಲೆ ಜರ್ಮನಿಯ ಹಾಲೆಯಲ್ಲಿ ಗ್ರಂಥಾಲಯದ ಕೆಲಸ. 1883ರಿಂದ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಪಾಠ, ಅದೂ ಜರ್ಮ್ಯಾನಿಕ್ ಅಲ್ಲ, ಸ್ಲಾವಿಕ್ ಭಾಷೆಗಳದ್ದು. 1896ರಲ್ಲಿ, ಐವತ್ತನೇ ವಯಸ್ಸಿಗೇ ತೀರಿಕೊಂಡರು.