ನೆರಳಿಲ್ಲದ ಮಧ್ಯಾಹ್ನ ಮತ್ತು ಇತರ ಪ್ರಶ್ನೆಗಳು

ಪ್ರಶ್ನೆ: ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆರಳು ಮಾಯವಾಗುವ ಶೂನ್ಯ ನೆರಳಿನ ದಿನವನ್ನು ಮಕ್ಕಳಿಗೆ ತೋರಿಸೋಣವೆಂದು ಶಾಲೆಯ ತಾರಸಿಯ ಮೇಲೆ ಕೋಲು ನಿಲ್ಲಿಸಿ ಕಾದೆವು. ಹನ್ನೆರಡಾದರೂ ನೆರಳು ಹೋಗಲಿಲ್ಲ. ಎಲ್ಲಿ ತಪ್ಪಿತು? ದಾವಣಗೆರೆಯ ಒಂದು ಶಾಲೆಯ ಜೊತೆ ಸೇರಿ ಇದೇ ನೆರಳಿನಿಂದ ಭೂಮಿಯ ಸುತ್ತಳತೆ ಕಂಡುಹಿಡಿಯಬಹುದೇ? (ಶಿಕ್ಷಕಿ, ಚಿತ್ರದುರ್ಗ)

ಉತ್ತರ: ಹನ್ನೆರಡಕ್ಕೇ ನೋಡಿದ್ದು ಮೊದಲ ತಪ್ಪು. ಭಾರತದ ಗಡಿಯಾರಗಳು ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಚಿತ್ರದುರ್ಗ ಇರುವುದು 76.4ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನಿಮ್ಮ ನೆತ್ತಿಗೆ ತಡವಾಗಿ ಬರುತ್ತಾನೆ, ದಿನಕ್ಕೆ ತಕ್ಕಂತೆ ಕೆಲವು ನಿಮಿಷ ಹೆಚ್ಚುಕಡಿಮೆ: ಏಪ್ರಿಲ್ ಕೊನೆಯಲ್ಲಿ ಸುಮಾರು 12.22ಕ್ಕೆ, ಆಗಸ್ಟ್ ಮಧ್ಯದಲ್ಲಿ 12.29ಕ್ಕೆ. ಏಪ್ರಿಲ್‌ನಲ್ಲಿ ಹನ್ನೆರಡು ಗಂಟೆಗೆ ಒಂದು ಮೀಟರ್ ಕೋಲಿನ ನೆರಳು ಇನ್ನೂ 9 ಸೆಂ.ಮೀ. ಇರುತ್ತದೆ. ಚಿತ್ರದುರ್ಗಕ್ಕೆ ಈ ದಿನ ಬರುವುದು ಏಪ್ರಿಲ್ 28 ಮತ್ತು ಆಗಸ್ಟ್ 14ರ ಆಸುಪಾಸಿನಲ್ಲಿ. ಏಪ್ರಿಲ್‌ನಲ್ಲಿ ಆಕಾಶ ಶುಭ್ರ, ಆದರೆ ಶಾಲೆಗೆ ರಜೆ. ಆಗಸ್ಟ್‌ನಲ್ಲಿ ಮಕ್ಕಳಿರುತ್ತಾರೆ, ಮೋಡವೂ ಇರುತ್ತದೆ. ಏಪ್ರಿಲ್‌ನಲ್ಲೇ ಒಂದು ದಿನದ ಮಟ್ಟಿಗೆ ಮಕ್ಕಳನ್ನು ಕರೆಸಿಕೊಳ್ಳಿ, ಅಷ್ಟು ಶ್ರಮಕ್ಕೆ ಇದು ಯೋಗ್ಯ.

ಎರಡನೆಯದು ತಾರಸಿ. ಮಳೆನೀರು ಹರಿಯಲೆಂದು ಅದಕ್ಕೆ ಇಳಿಜಾರು ಕೊಟ್ಟೇ ಇರುತ್ತಾರೆ. ಕೋಲು ಒಂದು ಡಿಗ್ರಿ ವಾಲಿದರೂ ಮೀಟರಿಗೆ 17 ಮಿ.ಮೀ. ನೆರಳು ಬೀಳುತ್ತದೆ. ಪ್ಲೈವುಡ್ ಹಲಗೆಯ ಮೇಲೆ ಬಿಳಿ ಡ್ರಾಯಿಂಗ್ ಶೀಟ್ ಅಂಟಿಸಿ. ಹಲಗೆಯ ಮೇಲೆ ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ತಗ್ಗಿದ ಕಡೆ ಮಡಿಸಿದ ರಟ್ಟು ಕೊಟ್ಟು ಸಮ ಮಾಡಿ. ಕೋಲನ್ನು ಎರಡು ದಿಕ್ಕಿನಿಂದ ತೂಗುಗುಂಡಿನ ದಾರಕ್ಕೆ ಹೊಂದಿಸಿ ನಿಲ್ಲಿಸಿ. 12.10ರಿಂದ 12.35ರವರೆಗೆ ಎರಡೆರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಪೆನ್ಸಿಲ್ ಚುಕ್ಕೆ ಹಾಕಿಸಿ. ಚುಕ್ಕೆಗಳು ಪಶ್ಚಿಮದಿಂದ ಕೋಲಿನ ಬುಡದತ್ತ ಸರಿದು, ಬುಡ ದಾಟಿ ಪೂರ್ವಕ್ಕೆ ಹೋಗುವುದನ್ನು ಮಕ್ಕಳೇ ನೋಡುತ್ತಾರೆ. ನೆರಳು ಮಾಯವಾಗುವ ಆ ಒಂದು ಗಳಿಗೆಗಿಂತ ಈ ಚುಕ್ಕೆಗಳ ಸಾಲು ಹೆಚ್ಚು ಕಲಿಸುತ್ತದೆ.

ಇನ್ನು ಸುತ್ತಳತೆ. ದಾವಣಗೆರೆಯ ಜೊತೆ ಇದು ಸಾಧ್ಯವಿಲ್ಲ. ಎರಡೂ ಊರುಗಳ ಅಕ್ಷಾಂಶಕ್ಕೆ ಕಾಲು ಡಿಗ್ರಿಯಷ್ಟೇ ವ್ಯತ್ಯಾಸ, ಅಂದರೆ ಮೀಟರ್ ಕೋಲಿನ ನೆರಳಿನಲ್ಲಿ ಸುಮಾರು 4 ಮಿ.ಮೀ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ಅಂಚೇ 9 ಮಿ.ಮೀ. ಮಸುಕಾಗಿರುತ್ತದೆ, ನಿಮ್ಮ 4 ಮಿ.ಮೀ. ಆ ಮಸುಕಿನೊಳಗೇ ಕಳೆದುಹೋಗುತ್ತದೆ. ಬೀದರಿನ ಶಾಲೆಯನ್ನು ಜೊತೆಗೆ ಸೇರಿಸಿಕೊಳ್ಳಿ. ನಿಮ್ಮಲ್ಲಿ ನೆರಳಿಲ್ಲದ ದಿನ ಅಲ್ಲಿ ಮೀಟರ್ ಕೋಲಿಗೆ ಸುಮಾರು 6.4 ಸೆಂ.ಮೀ. ನೆರಳಿರುತ್ತದೆ, ಕೋಲಿಗೂ ಸೂರ್ಯಕಿರಣಕ್ಕೂ ನಡುವಿನ ಕೋನ ಸುಮಾರು 3.7 ಡಿಗ್ರಿ. ಎರಡೂ ಊರುಗಳ ಉತ್ತರ-ದಕ್ಷಿಣ ಅಂತರ ಸುಮಾರು 410 ಕಿ.ಮೀ. 360ನ್ನು 3.7ರಿಂದ ಭಾಗಿಸಿ 410ರಿಂದ ಗುಣಿಸಿದರೆ 40,000 ಕಿ.ಮೀ.ಗೆ ಹತ್ತಿರದ ಉತ್ತರ ಬರುತ್ತದೆ. ರಸ್ತೆಯ ದೂರ ಹಾಕಬೇಡಿ, ಭೂಪಟದಲ್ಲಿ ಉತ್ತರ-ದಕ್ಷಿಣವಾಗಿ ಅಳೆದದ್ದೇ ಬೇಕು. ಬೀದರಿನವರು ಅಳೆಯಬೇಕಾದದ್ದು ಅವರ ನಡುಮಧ್ಯಾಹ್ನದಲ್ಲಿ, ಅಂದರೆ 12.17ರ ಸುಮಾರಿಗೆ, ನೆರಳು ಅತಿ ಚಿಕ್ಕದಾದಾಗ.

ಪ್ರಶ್ನೆ: 60 ಮಿ.ಮೀ. ಟೆಲಿಸ್ಕೋಪ್ ಒಂದು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ, 525 ಪಟ್ಟು ದೊಡ್ಡದಾಗಿ ಕಾಣುತ್ತದಂತೆ. ಕೊಳ್ಳಲೇ? (ಬಿ.ಎಸ್ಸಿ. ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಬೇಡ. 525 ಬಂದದ್ದು ಹೀಗೆ: ಕೊಳವೆಯ ನಾಭಿದೂರ 700 ಮಿ.ಮೀ., ಅದಕ್ಕೆ 4 ಮಿ.ಮೀ. ಐಪೀಸ್ (ಕಣ್ಣಿಡುವ ತುದಿಯ ಮಸೂರ) ಹಾಕಿದರೆ 175 ಪಟ್ಟು, ಮೇಲೆ ವರ್ಧನೆಯನ್ನು ಮೂರು ಪಟ್ಟು ಹೆಚ್ಚಿಸುವ ಬಾರ್ಲೋ ಎಂಬ ಮಸೂರ. ಲೆಕ್ಕವೇನೋ ಸರಿ, ಆದರೆ ಕಣ್ಣಿಗೆ ಏನೂ ದಕ್ಕುವುದಿಲ್ಲ. ಮುಂದಿನ ಮಸೂರದ ಅಗಲವನ್ನು ಮಿ.ಮೀ.ನಲ್ಲಿ ಹೇಳಿ ಎರಡರಿಂದ ಗುಣಿಸಿ, ಅದೇ ಉಪಯೋಗಕ್ಕೆ ಬರುವ ಗರಿಷ್ಠ ವರ್ಧನೆ. 60ಕ್ಕೆ 120. ಅದರಾಚೆ ಚಿತ್ರ ಮಬ್ಬಾಗುತ್ತದೆ. ಜೊತೆಗೆ ಬರುವ ಸಣಕಲು ಸ್ಟ್ಯಾಂಡ್ ಬೇರೆ, ಮುಟ್ಟಿದರೆ ಗುರುಗ್ರಹ ಕುಣಿಯುತ್ತದೆ.

ಈಗ 10×50 (10 ಪಟ್ಟು ವರ್ಧನೆ, 50 ಮಿ.ಮೀ. ಮಸೂರ) ಬೈನಾಕ್ಯುಲರ್ ತೆಗೆದುಕೊಳ್ಳಿ. ಕೈಯಲ್ಲಿ ಹಿಡಿಯದೆ ಟ್ರೈಪಾಡಿಗೆ ಕಟ್ಟಿದರೆ ಗುರುವಿನ ನಾಲ್ಕು ಚಂದ್ರರು, ಕೃತ್ತಿಕೆಯ ಗುಂಪು, ಮಹಾವ್ಯಾಧನ ನೀಹಾರಿಕೆ ಕಾಣುತ್ತವೆ. ಶನಿಯ ಬಳೆ ಕಾಣದು, ಅದಕ್ಕೆ ಟೆಲಿಸ್ಕೋಪೇ ಬೇಕು. ನಮ್ಮ ಅಕ್ಷಾಂಶಕ್ಕೆ ಒಂದು ಭಾಗ್ಯವಿದೆ: ಉತ್ತರ ಭಾರತದವರಿಗೆ ದಿಗಂತದ ಧೂಳಿನಲ್ಲಿ ಮುಚ್ಚಿಹೋಗುವ ಒಮೇಗಾ ಸೆಂಟಾರಿ ಎಂಬ ಗೋಳಾಕಾರದ ನಕ್ಷತ್ರಗುಚ್ಛ ನಮಗೆ 28 ಡಿಗ್ರಿ ಎತ್ತರಕ್ಕೆ ಬರುತ್ತದೆ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಊರ ದೀಪಗಳಿಂದ ದೂರ ಹೋಗಿ, ದಕ್ಷಿಣಕ್ಕೆ ಮುಖ ಮಾಡಿ ನಿಂತು ಚಿತ್ತಾ ನಕ್ಷತ್ರ ಗುರುತಿಸಿ. ಕೈ ನೀಡಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಚಿತ್ತೆಯಿಂದ ನೇರ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿಸಿದರೆ ಬೈನಾಕ್ಯುಲರಿನಲ್ಲಿ ಬೂದುಬಣ್ಣದ ದುಂಡು ಮಬ್ಬು ಸಿಗುತ್ತದೆ. ಅದರೊಳಗೆ ಲಕ್ಷಾಂತರ ನಕ್ಷತ್ರಗಳಿವೆ.

ಒಂದು ವರ್ಷ ಆಕಾಶದ ಪರಿಚಯವಾದ ಮೇಲೆ 150 ಮಿ.ಮೀ. ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್, ಕೊಳ್ಳಿ. ನಾಭಿದೂರ 1200 ಇದ್ದರೆ 25 ಮತ್ತು 10 ಮಿ.ಮೀ. ಐಪೀಸ್‌ಗಳಿಂದ 48 ಮತ್ತು 120 ಪಟ್ಟು ಸಿಗುತ್ತದೆ, ಶನಿಗೆ ಧಾರಾಳ. ಬಿಸಿ ಕೋಣೆಯಿಂದ ತಂದ ಕೂಡಲೇ ನೋಡಿದರೆ ಚಿತ್ರ ಕದಡುತ್ತದೆ, ಅರ್ಧ ಗಂಟೆ ಹೊರಗಿಡಿ. ಕನ್ನಡಿಯ ಧೂಳನ್ನು ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ಮಳೆಗಾಲದಲ್ಲಿ ಐಪೀಸ್‌ಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬೈನಾಕ್ಯುಲರಾಗಲಿ ಟೆಲಿಸ್ಕೋಪಾಗಲಿ, ಸೂರ್ಯನತ್ತ ತಿರುಗಿಸಿ ಎಂದೂ ಕಣ್ಣಿಡಬೇಡಿ. ಐಪೀಸ್‌ಗೆ ತಿರುಪುವ ಪುಟ್ಟ ಸೂರ್ಯ ಫಿಲ್ಟರ್ ಕೊಟ್ಟಿದ್ದರೆ ಎಸೆದುಬಿಡಿ. ಕಾವಿಗೆ ಅದು ಸೀಳಿದರೆ ಕಣ್ಣು ಹೋಗುತ್ತದೆ.

ಪ್ರಶ್ನೆ: ಹೊಲ ಉಳುವಾಗ ಭಾರವಾದ ಕಪ್ಪು ಕಲ್ಲು ಸಿಕ್ಕಿದೆ, ಅಯಸ್ಕಾಂತಕ್ಕೆ ಅಂಟುತ್ತದೆ. ಉಲ್ಕಾಶಿಲೆಯೇ? (ರೈತ, ಹೊಳಲ್ಕೆರೆ)

ಉತ್ತರ: ನಿಮ್ಮ ಸೀಮೆಯಲ್ಲಿ ಕಬ್ಬಿಣದ ಅದಿರು ಹೇರಳ, ಅದೇ ಆಗಿರುವ ಸಂಭವ ಹೆಚ್ಚು. ಟೈಲ್ಸ್ ಕಲ್ಲಿನ ಹಿಂಬದಿಯ ಒರಟು ಮೈಗೆ ನಿಮ್ಮ ಕಲ್ಲನ್ನು ಒತ್ತಿ ಉಜ್ಜಿ. ಕೆಂಪು-ಕಂದು ಗೆರೆ ಬಂದರೆ ಹೆಮಟೈಟ್, ಕಪ್ಪು ಗೆರೆ ಬಂದರೆ ಮ್ಯಾಗ್ನೆಟೈಟ್; ಎರಡೂ ಕಬ್ಬಿಣದ ಅದಿರುಗಳೇ. ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆಯನ್ನೇ ಬಿಡುವುದಿಲ್ಲ. ಮೈತುಂಬ ಗುಳ್ಳೆಯ ತೂತುಗಳಿದ್ದರೆ ಅದು ಕುಲುಮೆಯ ಕಿಟ್ಟ. ಗೆರೆಯೂ ಇಲ್ಲ, ಗುಳ್ಳೆಯೂ ಇಲ್ಲ ಎಂದಾದರೆ ಒಂದು ಮೂಲೆಯನ್ನು ಅರದಿಂದ ಚೂರೇ ಚೂರು ಉಜ್ಜಿ. ಒಳಗೆ ಬೆಳ್ಳಿಯಂತೆ ಹೊಳೆಯುವ ಲೋಹದ ಕಣಗಳು ಕಂಡರೆ ಸುತ್ತಿಗೆ, ಆಸಿಡ್ ಯಾವುದನ್ನೂ ಮುಟ್ಟಿಸದೆ ಸಿಕ್ಕ ಜಾಗವನ್ನು ಬರೆದಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಿ.