ನಡೆದು ಸುಸ್ತಾಗಲಿ ಅಂತಲೇ ಆಟ ಮಾಡಿದ್ದಾರೆಯೇ?

ಪ್ರಶ್ನೆ: ಮೇಡಂ, ‘ಡ್ರ್ಯಾಗನ್ಸ್ ಡಾಗ್ಮಾ 2’ ಆಟವನ್ನು ಸೇಲ್‌ನಲ್ಲಿ ಕೊಂಡೆ. ತುಂಬಾ ಹಿಡಿಸಿದೆ. ಆದರೆ ಸ್ಟೀಮ್ ಎಂಬ ಆನ್‌ಲೈನ್ ಆಟದ ಮಳಿಗೆಯಲ್ಲಿ ಆಟದ ಕೆಳಗೇ ಸಣ್ಣಪುಟ್ಟ ವಸ್ತುಗಳಿಗೂ ಬೆಲೆ ಹಚ್ಚಿಟ್ಟಿದ್ದಾರೆ. “ನಡೆದು ನಡೆದು ಬೇಸತ್ತು ದುಡ್ಡು ಬಿಚ್ಚಲಿ ಅಂತಲೇ ದಾರಿ ಇಷ್ಟು ಉದ್ದ ಮಾಡಿದ್ದಾರೆ” ಎನ್ನುತ್ತಾನೆ ನನ್ನ ರೂಮ್‌ಮೇಟ್. ನಿಜವೇ? ಮೂರನೇ ಭಾಗ ಬಂದರೆ ಇದು ಇನ್ನೂ ಹೆಚ್ಚುತ್ತದೆಯೇ? ‘ವಿಚರ್ 4’ಕ್ಕೂ ಇದೇ ಗತಿಯೇ?
– ಒಬ್ಬ ವಿದ್ಯಾರ್ಥಿ, ಹಾಸನ

ಉತ್ತರ: ನಿಮ್ಮ ರೂಮ್‌ಮೇಟ್ ಹೇಳುವುದನ್ನು ನಾನು ಒಪ್ಪುವುದಿಲ್ಲ. ಆದರೆ ಅವರಿಗೆ ಹಾಗನ್ನಿಸಿದ್ದು ಸಹಜ. ನನ್ನ ದೂರು ಇರುವುದೂ ಅಲ್ಲೇ.

ಮೊದಲು ದಾರಿಯ ವಿಷಯ. 2012ರ ಮೊದಲ ಆಟದಲ್ಲೂ ನಡಿಗೆಯೇ ಜೀವಾಳವಾಗಿತ್ತು. ಎರಡೂ ಆಟಗಳ ನಿರ್ದೇಶಕ ಹಿಡೆಯಾಕಿ ಇಟ್ಸುನೊ, ಪ್ರಯಾಣ ಬೇಸರ ತರಿಸುತ್ತದೆ ಅಂದರೆ ಆ ಆಟವೇ ಬೇಸರದ್ದು ಎಂದು ಬಿಡುಗಡೆಗೆ ಮೊದಲೇ ಹೇಳಿದ್ದರು. ಆಟದೊಳಗಿನ ವರ್ನ್‌ವರ್ತ್ ನಗರದಿಂದ ಮೆಲ್ವ್ ಹಳ್ಳಿಗೆ ಹೋಗುವ ಎತ್ತಿನ ಗಾಡಿ ಹತ್ತಿದ್ದೀರಲ್ಲ? ಮೊದಲ ಸಲ ನಾನು ಗಾಡಿಯಲ್ಲಿ ತೂಕಡಿಸಿದೆ. ಕಣ್ಣು ಬಿಟ್ಟರೆ ಸುತ್ತ ಗಾಬ್ಲಿನ್‌ಗಳು. ಇನ್ನೊಮ್ಮೆ ಗ್ರಿಫಿನ್ ಎಂಬ ರೆಕ್ಕೆಯ ದೈತ್ಯ ಮೃಗ ಮೇಲಿಂದ ಎರಗಿ ಗಾಡಿಯನ್ನೇ ಪುಡಿಮಾಡಿತು. ಉಳಿದ ದಾರಿಯನ್ನು ಕತ್ತಲಲ್ಲಿ, ಲಾಂದ್ರದ ಎಣ್ಣೆ ಎಷ್ಟು ಹೊತ್ತು ಬರುತ್ತದೋ ಎಂದು ನೋಡುತ್ತಾ ನಡೆದೆ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದವಳು ನಾನು. ತಲುಪುವುದಕ್ಕಿಂತ ಹೋಗುವುದೇ ದೊಡ್ಡದಾಗಿದ್ದ ಆ ರಾತ್ರಿಗಳನ್ನು ಬೇರೆ ಯಾವ ಆಟವೂ ನನಗೆ ಹೀಗೆ ಮರಳಿಸಿಲ್ಲ. ದುಡ್ಡು ಕೀಳಲೆಂದು ಕೂತವರು ಈ ಗಾಡಿಯನ್ನು ಇಷ್ಟು ಅಕ್ಕರೆಯಿಂದ ಮಾಡುತ್ತಿರಲಿಲ್ಲ.

ಈಗ ಆ ಅಂಗಡಿ. 2024ರ ಮಾರ್ಚ್ 22ರಂದು, ಅಮೆರಿಕದಲ್ಲಿ 70 ಡಾಲರ್ ಬೆಲೆಯ ಆಟ ಬಿಡುಗಡೆಯಾದ ದಿನವೇ ಈ ಪಟ್ಟಿ ಸ್ಟೀಮ್‌ನಲ್ಲಿ ಕಾಣಿಸಿತು: ಸತ್ತವರನ್ನು ಎಬ್ಬಿಸುವ ವೇಕ್‌ಸ್ಟೋನ್, ರೂಪ ಬದಲಿಸುವ ಪುಸ್ತಕ, ಜೈಲಿನ ಕೀಲಿ, ಒಂದು ಪೋರ್ಟ್‌ಕ್ರಿಸ್ಟಲ್. ಜನ ರೊಚ್ಚಿಗೆದ್ದರು, ವಿಮರ್ಶೆಗಳ ಮೇಲೆ ‘ಬಹುಪಾಲು ಋಣಾತ್ಮಕ’ ಎಂಬ ಹಣೆಪಟ್ಟಿ ಬಿತ್ತು. ಆ ಗದ್ದಲದಲ್ಲಿ ಒಂದು ಸಂಗತಿ ಮುಚ್ಚಿಹೋಯಿತು. ಪೋರ್ಟ್‌ಕ್ರಿಸ್ಟಲ್ ಬರೀ ತಲುಪುವ ಜಾಗ. ನಡೆಯದೆ ಕ್ಷಣದಲ್ಲಿ ಅಲ್ಲಿಗೆ ಹಾರಲು ಪ್ರತಿ ಸಲ ಫೆರಿಸ್ಟೋನ್ ಎಂಬ ಕಲ್ಲು ಬೇಕು, ಅದನ್ನು ಆಡುತ್ತಾ ಹುಡುಕಿಕೊಳ್ಳಬೇಕು ಇಲ್ಲವೇ ಆಟದೊಳಗಿನ 10,000 ನಾಣ್ಯ ಕೊಟ್ಟು ಕೊಳ್ಳಬೇಕು. ನಿಜದ ದುಡ್ಡಿಗೆ ಅದನ್ನು ಮಾರುತ್ತಲೇ ಇರಲಿಲ್ಲ. ಪಟ್ಟಿಯಲ್ಲಿದ್ದ ಉಳಿದದ್ದೆಲ್ಲ ಆಡುತ್ತಾ ಹೋದರೆ ಪುಕ್ಕಟೆ ಸಿಗುತ್ತದೆ.

ಹಾಗಾದರೆ ತೊಂದರೆಯೇನು? ಅಂಗಡಿ ಪಕ್ಕದಲ್ಲಿದ್ದರೆ ದಣಿವಿನ ಅರ್ಥವೇ ಬದಲಾಗುತ್ತದೆ. ಅದಿಲ್ಲದಿದ್ದರೆ ದಣಿವೂ ಕಥೆಯ ಭಾಗ. ಇದ್ದರೆ, “ಇದು ನನಗೆ ಬೇಕಂತಲೇ ಕೊಟ್ಟ ಕಷ್ಟವೇ?” ಎಂಬ ಗುಮಾನಿ ಗ್ರಿಫಿನ್‌ಗಿಂತ ಮೊದಲೇ ಬಂದು ಗಾಡಿಯಲ್ಲಿ ಕೂತಿರುತ್ತದೆ. ಒಬ್ಬರೇ ಆಡುವ ಆಟದಲ್ಲಿ ನಿಮಗೂ ಅದನ್ನು ಮಾಡಿದವರಿಗೂ ನಡುವೆ ಇರುವುದು ನಂಬಿಕೆಯೊಂದೇ. ಎರಡು ಮೂರು ಡಾಲರಿಗೆ ಅದನ್ನು ಕಳೆದುಕೊಂಡರಲ್ಲ ಎಂಬುದು ನನ್ನ ಸಂಕಟ.

ಇದನ್ನು ಆಟ ಮಾಡುವವರೇ ಒಪ್ಪಿಕೊಂಡದ್ದೂ ಉಂಟು. 2017ರ ‘ಶ್ಯಾಡೋ ಆಫ್ ವಾರ್’ನಲ್ಲಿ ಓರ್ಕ್ ಸೈನಿಕರನ್ನು ದುಡ್ಡಿಗೆ ಕೊಳ್ಳಬಹುದಿತ್ತು. ಶತ್ರುವನ್ನು ಹುಡುಕಿ, ಸೋತು, ಮತ್ತೆ ಎದುರಾಗಿ, ಕೊನೆಗೆ ನಮ್ಮವನನ್ನಾಗಿ ಮಾಡಿಕೊಳ್ಳುವುದೇ ಆ ಆಟದ ಉಸಿರು. ಅಂಗಡಿ ಆ ಉಸಿರಿಗೇ ಕುತ್ತು ತರುತ್ತಿದೆ ಎಂದು ಅದನ್ನು ಮಾಡಿದ ಮೊನೊಲಿತ್ ಸಂಸ್ಥೆ ಬಹಿರಂಗವಾಗಿ ಹೇಳಿ, 2018ರ ಜುಲೈನಲ್ಲಿ ಅದನ್ನು ಪೂರ್ತಿ ಕಿತ್ತುಹಾಕಿತು. ಆ ಕಥೆಗೆ ಮುಂದಿನ ಭಾಗ ಬರಲೇ ಇಲ್ಲ; 2025ರ ಫೆಬ್ರುವರಿಯಲ್ಲಿ ಮೊನೊಲಿತ್ ಅನ್ನೇ ಮುಚ್ಚಿದರು.

ಮೂರನೇ ‘ಡಾಗ್ಮಾ’ ಬಗ್ಗೆ ಕೇಳಿದ್ದೀರಿ. ನನ್ನ ಭಯ ಅಂಗಡಿಯದ್ದಲ್ಲ. ಇಟ್ಸುನೊ 2024ರ ಆಗಸ್ಟ್ ಕೊನೆಗೆ, ‘ಡಾಗ್ಮಾ’ ತಯಾರಿಸುವ ಕ್ಯಾಪ್‌ಕಾಮ್ ಸಂಸ್ಥೆಯನ್ನು ಬಿಟ್ಟರು. ನಡಿಗೆಯೇ ಸೊಗಸು ಎಂದು ಹಟ ಹಿಡಿಯುವವರು ಒಳಗೆ ಇಲ್ಲದಿದ್ದರೆ, ದಾರಿಯನ್ನೇ ಮೊಟಕು ಮಾಡಿಬಿಟ್ಟಾರು.

‘ವಿಚರ್ 4’ ವಿಷಯದಲ್ಲಿ ನನಗೆ ಸ್ವಲ್ಪ ಧೈರ್ಯವಿದೆ. 2015ರ ಮೂರನೇ ಭಾಗಕ್ಕೆ 16 ಸಣ್ಣ ಕೊಡುಗೆಗಳು ಪುಕ್ಕಟೆ ಬಂದವು. ದುಡ್ಡು ಕೇಳಿದ್ದು ಎರಡು ದೊಡ್ಡ ವಿಸ್ತರಣೆಗಳಿಗೆ. ಅದರಲ್ಲಿ 2016ರ ‘ಬ್ಲಡ್ ಅಂಡ್ ವೈನ್’ ತುಸ್ಸಾಂ ಎಂಬ ಹೊಸ ನಾಡನ್ನೇ ಕೊಟ್ಟಿತು. ಒಬ್ಬರೇ ಆಡುವ ಆಟಗಳಲ್ಲಿ ಇಂಥ ಚಿಲ್ಲರೆ ಮಾರಾಟಕ್ಕೆ ಜಾಗವಿಲ್ಲ ಎಂದು ‘ವಿಚರ್’ ತಯಾರಿಸುವ ಸಿಡಿ ಪ್ರಾಜೆಕ್ಟ್‌ನ ಹಣಕಾಸು ಮುಖ್ಯಸ್ಥ ಪ್ಯೋಟರ್ ನಿಯೆಲುಬೋವಿಚ್ 2024ರಲ್ಲಿ ಹೇಳಿದ್ದರು. ಆದರೆ 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್’ ಆಟವನ್ನು ಅರೆಬೆಂದ ಸ್ಥಿತಿಯಲ್ಲಿ ಬಿಟ್ಟವರೂ ಇವರೇ. ಆಗ ಸೋನಿ ತನ್ನ ಮಳಿಗೆಯಿಂದಲೇ ಅದನ್ನು ತೆಗೆದಿತ್ತು. ಹಾಗಾಗಿ ಮುಂಗಡ ಕಟ್ಟಬೇಡಿ. ಬಿಡುಗಡೆಯಾಗಿ ಎರಡು ವಾರ ಕಳೆಯಲಿ, ಸ್ಟೀಮ್ ಪುಟದ ಕೆಳಗಿನ ಪಟ್ಟಿ ತೆರೆದು ನೋಡಿ. ಬಟ್ಟೆಬರೆ, ಕುದುರೆಯ ಜೀನು ಮಾರುತ್ತಿದ್ದರೆ ಕಡೆಗಣಿಸಬಹುದು. ಯುಬಿಸಾಫ್ಟ್ ಸಂಸ್ಥೆ 2018ರ ‘ಅಸಾಸಿನ್ಸ್ ಕ್ರೀಡ್ ಒಡಿಸ್ಸಿ’ ಆಟದಲ್ಲಿ ಮಾಡಿದಂತೆ, ಅನುಭವದ ಅಂಕ ಬೇಗ ಏರಿಸುವ ಬೂಸ್ಟರ್ ಮಾರುತ್ತಿದ್ದರೆ, ನಿಮ್ಮ ಸಮಯಕ್ಕೇ ಬೆಲೆ ಕಟ್ಟಿದ್ದಾರೆ ಎಂದು ತಿಳಿಯಿರಿ. ಅಂಥದ್ದನ್ನು ನಾನು ಕೊಳ್ಳುವುದಿಲ್ಲ.

ಸದ್ಯಕ್ಕೆ ನಿಮ್ಮ ಆಟ ಮುಂದುವರಿಸಿ. ಕೈಗೆ ಸಿಗುವ ಮೊದಲ ಪೋರ್ಟ್‌ಕ್ರಿಸ್ಟಲ್ ಅನ್ನು ಬಕ್‌ಬಟ್ಟಾಲ್ ನಗರದಲ್ಲಿ ನೆಡಿ; ವರ್ನ್‌ವರ್ತ್‌ನಲ್ಲೂ ಹಾರ್ವ್ ಹಳ್ಳಿಯಲ್ಲೂ ಮೊದಲೇ ಒಂದೊಂದು ಇದೆ. ಮೆಲ್ವ್‌ಗೆ ಮಾತ್ರ ಗಾಡಿಯಲ್ಲೇ ಹೋಗಿ.