ಗಾಳಿಗೆ ಬೇಲಿ ಕಲ್ಲುಕಂಬ ವಾಲ್ತಿದ್ರೆ

ಬೇಲಿಗೆ ಹಸಿರು ಶೇಡ್ ನೆಟ್ (ನೆರಳು ಬಲೆ) ಕಟ್ಟಿದ್ದೀವಿ, ಗಾಳಿಗೆ ಕಲ್ಲುಕಂಬ ವಾಲ್ತಿದೆ ಅಂತ ಕೇಳಿದ್ದೀರಿ. ನೀವು ಹೇಳೋದು ನೋಡಿದ್ರೆ ತಪ್ಪು ಚೈನ್‌ಲಿಂಕ್ ಮೆಶ್‌ದಲ್ಲ (ಬೇಲಿಯ ತಂತಿ ಜಾಲರಿ), ಅದಕ್ಕೆ ಕಟ್ಟಿರೋ ಆ ನೆಟ್‌ದು. ಬರೀ ಮೆಶ್ ಆದ್ರೆ ಗಾಳಿ ತೂರ್ಕೊಂಡು ಹೋಗುತ್ತೆ, ಆದ್ರೆ 75 ಪರ್ಸೆಂಟ್ ಬಿಸಿಲು ತಡೆಯೋ ನೆಟ್ ಕಟ್ಟಿದ್ರೆ ಹಾಯಿ ಥರ ಉಬ್ಬಿ ಎಳೆತ ಎಲ್ಲಾ ಕಂಬದ ಬುಡಕ್ಕೇ ಬೀಳುತ್ತೆ, ಅದರಲ್ಲೂ ಚಿತ್ರದುರ್ಗದ ಕಡೆ ಆಷಾಢದ ಗಾಳಿ ಕೇಳ್ಬೇಕಾ. ನಮ್ಮ ತೋಟದಲ್ಲೂ ಇದೇ ಆಗಿತ್ತು.

ಮೊದಲು ಇವತ್ತೇ ನೆಟ್ ಬಿಚ್ಚಿಬಿಡಿ. ಆಮೇಲೆ ಒಂದೊಂದೇ ಕಂಬ ಅಲ್ಲಾಡಿಸಿ ನೋಡಿ, ಬುಡದಲ್ಲಿ ಬೆರಳು ತೂರೋಷ್ಟು ಸಂದಿ ಕಂಡ್ರೆ ಮಣ್ಣು ತುಳಿದು ಏನೂ ಪ್ರಯೋಜನ ಇಲ್ಲ, ಕಿತ್ತು ಎರಡು ಅಡಿ ಆಳಕ್ಕೆ ಇಳಿಸಿ ಸುತ್ತ ಜಲ್ಲಿ ಕಾಂಕ್ರೀಟ್ ಹಾಕಿ. ಎರೆ ಮಣ್ಣಾಗಿದ್ರೆ ಎರಡೂವರೆ ಅಡಿನಾದ್ರೂ ಬೇಕು, ಆ ಮಣ್ಣು ಬೇಸಿಗೇಲಿ ಬಿರಿದು ಮಳೇಲಿ ಮೆತ್ತಗಾಗುತ್ತೆ. ಫೋಟೋ ಇಲ್ದೆ ನಿಮ್ದು ಯಾವ ಮಣ್ಣು ಅಂತ ಗೊತ್ತಾಗ್ತಿಲ್ಲ. ಕಾಂಕ್ರೀಟ್‌ಗೆ ಒಂದು ವಾರ ನೀರು ಹಾಕಿ, ಅಲ್ಲಿವರೆಗೂ ತಂತಿ ಬಿಗೀಬೇಡಿ.

ಮೂಲೆ ಕಂಬ, ಗೇಟ್ ಕಂಬಕ್ಕೆ ಬೇಲಿ ಸಾಲಿನ ದಿಕ್ಕಲ್ಲೇ ಓರೆಯಾಗಿ ಸಪೋರ್ಟ್ ಕಲ್ಲು ಕೊಡ್ಲೇಬೇಕು, ಮೂಲೆಗಾದ್ರೆ ಎರಡೂ ಕಡೆ. ದಯವಿಟ್ಟು ಇದನ್ನ ಮಾತ್ರ ದುಡ್ಡು ಉಳಿಸಕ್ಕೆ ಬಿಡಬೇಡಿ, ಮೂಲೆ ಸಡಿಲ ಆದ್ರೆ ಇಡೀ ಸಾಲು ಸಡಿಲ.

ನೆಟ್ ಬೇಕೇ ಬೇಕು ಅಂದ್ರೆ 35 ಪರ್ಸೆಂಟ್‌ದು ತಗೊಳ್ಳಿ, ಕೆಳಗೆ ಒಂದಡಿ ಬಿಟ್ಟು, ಕಟ್ಟುತಂತಿ ಬದ್ಲು ತೆಳು ಸುತ್ಲಿ (ಸೆಣಬಿನ) ದಾರದಲ್ಲಿ ಕಟ್ಟಿ. ಜೋರು ಗಾಳಿ ಬಂದ್ರೆ ದಾರ ಹರಿಯುತ್ತೆ, ಕಂಬ ಉಳಿಯುತ್ತೆ.